ಕೀಟಗಳ ಸಮೀಪ ಛಾಯಾಚಿತ್ರ: ಎಡಿಟಿಂಗ್ ಮತ್ತು ಪರಸ್ಪರ ಪರಿಶೀಲನೆ

ಮೊಬೈಲಿನಲ್ಲಿ ತೆಗೆದ ಕೀಟದ ಚಿತ್ರವನ್ನು ಕಳುಹಿಸಿ ಹತೋಟಿ ಕ್ರಮವನ್ನು ಕೇಳುವ ರೂಢಿ ಈಗ ಸಾಮಾನ್ಯವಾಗಿದೆ. ಚಿತ್ರವನ್ನು ನೋಡಿ ಕೀಟವನ್ನು ತಪ್ಪಾಗಿ ಗುರುತಿಸಿದಲ್ಲಿ ಸಿಂಪಡಣೆಯ ಖರ್ಚು ವ್ಯರ್ಥವಾಗುವುದಲ್ಲದೆ ಉಪಕಾರಿ ಕೀಟಗಳೂ ನಾಶವಾಗುತ್ತವೆ. ಆದ್ದರಿಂದ ಚಿತ್ರವು ಅಂದವಾಗಿರುವುದಕ್ಕಿಂತ ಗುರುತಿನ ಲಕ್ಷಣಗಳನ್ನು ತೋರುವುದು ಮುಖ್ಯ.

ಮಸುಕಾದ ಚಿತ್ರವನ್ನು ಯಾವ ಎಡಿಟಿಂಗ್ ಕೂಡ ಸರಿಪಡಿಸಲಾರದು. ಕೀಟಗಳ ಚಲನೆ ಮಂದವಾಗಿರುವ ಬೆಳಗಿನ ತಂಪು ಹೊತ್ತನ್ನು ಆರಿಸಿಕೊಂಡು, ಎಲೆ ಅಲುಗದಂತೆ ಹಿಡಿದು, ಹಲವು ಚಿತ್ರಗಳನ್ನು ತೆಗೆದುಕೊಳ್ಳಿರಿ. ಕೀಟದ ಪಕ್ಕದಲ್ಲಿ ಒಂದು ತುಂಡು ಬಿಳಿ ಕಾಗದವನ್ನೂ ಸ್ಕೇಲನ್ನೂ ಇರಿಸುವುದು ಸೂಕ್ತ. ಸ್ಕೇಲಿನಿಂದ ಗಾತ್ರ ತಿಳಿಯುತ್ತದೆ. ಕಾಗದವು ಮುಂದೆ ಬಣ್ಣವನ್ನು ಸರಿಹೊಂದಿಸಲು ನೆರವಾಗುತ್ತದೆ.

ಬಣ್ಣದ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಮೆಣಸಿನಕಾಯಿ ಬೆಳೆಯಲ್ಲಿ ಬಹುಕಾಲದಿಂದ ಕಂಡುಬರುವ ಸಿರ್ಟೋಥ್ರಿಪ್ಸ್ ಡಾರ್ಸಾಲಿಸ್ ತಿಳಿ ಹಳದಿಯಾಗಿದ್ದು ಎಳೆ ಎಲೆಗಳಲ್ಲಿ ಹೆಚ್ಚು. 2021ರಲ್ಲಿ ವ್ಯಾಪಕ ಹಾನಿ ಮಾಡಿದ ಥ್ರಿಪ್ಸ್ ಪಾರ್ವಿಸ್ಪೈನಸ್‌ನ ಪ್ರೌಢ ಹೆಣ್ಣು ಕಡುಕಂದು, ಹೂವಿನೊಳಗೆ ಗುಂಪಾಗಿರುತ್ತದೆ. ಇವೆರಡೂ ಸುಮಾರು ಒಂದು ಮಿಲಿಮೀಟರ್ ಉದ್ದದವು. ಚಿತ್ರಕ್ಕೆ ಹಳದಿ ಛಾಯೆ ಬಂದರೆ ಅಥವಾ ಬಣ್ಣದ ಗಾಢತೆಯನ್ನು ಹೆಚ್ಚಿಸಿದರೆ ಈ ವ್ಯತ್ಯಾಸವೇ ಅಳಿಸಿಹೋಗಬಹುದು. ಕಾಗದ ಬಿಳಿಯಾಗಿ ಕಾಣುವವರೆಗೆ ಮಾತ್ರ ಬಣ್ಣವನ್ನು ಸರಿಪಡಿಸಿ, ನೆರಳಿನ ಭಾಗವನ್ನು ಸ್ವಲ್ಪ ಬೆಳಗಿಸಿ ಅಲ್ಲಿಗೆ ನಿಲ್ಲಿಸಿರಿ. ಪಾರ್ವಿಸ್ಪೈನಸ್‌ನ ಗಂಡು ಮತ್ತು ಮರಿಗಳೂ ಹಳದಿಯಾಗಿರುವುದರಿಂದ ಒಂದೇ ಕೀಟದ ಚಿತ್ರ ಸಾಲದು; ಹೂವನ್ನು ಬಿಡಿಸಿ ಹಲವು ಕೀಟಗಳು ಕಾಣುವಂತೆ ತೆಗೆಯಬೇಕು.

ಚಿತ್ರವನ್ನು ಕತ್ತರಿಸುವಾಗಲೂ ಮಾಹಿತಿ ನಷ್ಟವಾಗುತ್ತದೆ. 2018ರಲ್ಲಿ ಕರ್ನಾಟಕದಲ್ಲಿ ಮೊದಲು ವರದಿಯಾದ ಫಾಲ್ ಸೈನಿಕ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂತಹ ಗುರುತಿರುವುದು ಬಹುಜನರಿಗೆ ತಿಳಿದಿದೆ. ಆದರೆ ಉದರದ ಎಂಟನೆಯ ಖಂಡದಲ್ಲಿ ಚೌಕಾಕಾರವಾಗಿ ಜೋಡಿಸಿದಂತಿರುವ ನಾಲ್ಕು ಕಪ್ಪು ಚುಕ್ಕೆಗಳು ಹೆಚ್ಚು ನಂಬಲರ್ಹ ಲಕ್ಷಣ. ತಲೆಯನ್ನಷ್ಟೇ ಉಳಿಸಿ ಕತ್ತರಿಸಿದ ಚಿತ್ರದಲ್ಲಿ ಇವು ಇರುವುದೇ ಇಲ್ಲ. ಹುಳುವಿನ ಪೂರ್ಣ ದೇಹ, ಬಾಲದ ಭಾಗ, ಹಿಕ್ಕೆ ತುಂಬಿದ ಸುಳಿ, ಇವುಗಳ ಪ್ರತ್ಯೇಕ ಚಿತ್ರಗಳಿರಲಿ.

ಚಿತ್ರವನ್ನು ಅಂದಕ್ಕಾಗಿ ತಲೆಕೆಳಗು ಮಾಡಬಾರದು. ಮೆಣಸಿನ ಎಲೆ ಮೇಲ್ಮುಖವಾಗಿ ಮುದುಡಿದ್ದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದ್ದರೆ ಮೈಟ್ ನುಸಿ ಎಂಬುದು ನಮ್ಮ ಮೊದಲ ಅಂದಾಜು. ಇವುಗಳಿಗೆ ಬಳಸುವ ಔಷಧಿಗಳೂ ಬಹುಮಟ್ಟಿಗೆ ಬೇರೆ. ಫೋನಿನ ಕೃತಕ ಬುದ್ಧಿಮತ್ತೆಯ ಸ್ಪಷ್ಟೀಕರಣವನ್ನು ನಾನಂತೂ ಸಲಹೆ ಮಾಡುವುದಿಲ್ಲ. ಅದು ಸೂಕ್ಷ್ಮ ರೋಮಗಳನ್ನು ಅಳಿಸಬಹುದು, ಇಲ್ಲದ ಗೆರೆಗಳನ್ನು ಸೇರಿಸಲೂಬಹುದು. ಮೂಲ ಚಿತ್ರವನ್ನು ಅಳಿಸದೆ ಇಟ್ಟುಕೊಳ್ಳಿರಿ.

ತಿದ್ದಿದ ಚಿತ್ರವನ್ನು ಕಳುಹಿಸುವ ಮೊದಲು ಆ ಹೊಲವನ್ನು ನೋಡಿರದ ಇಬ್ಬರು ಮೂವರು ರೈತರಿಗೆ ತೋರಿಸಿರಿ. ಕೀಟದ ಹೆಸರನ್ನು ಮೊದಲೇ ಹೇಳಬಾರದು. ಹೇಳಿದರೆ ಎಲ್ಲರಿಗೂ ಅದೇ ಕಾಣುತ್ತದೆ. "ಇದರಲ್ಲಿ ನಿಮಗೆ ಏನು ಕಾಣುತ್ತಿದೆ? ಎಷ್ಟು ದೊಡ್ಡದಿರಬಹುದು?" ಎಂದಷ್ಟೇ ಕೇಳಿರಿ. ಕಾಲು ಎಷ್ಟೆಂದು ಎಣಿಸಲಾಗಲಿಲ್ಲ, ಎಲೆಯ ಯಾವ ಬದಿ ಎಂದು ತಿಳಿಯಲಿಲ್ಲ ಎಂಬಂತಹ ಉತ್ತರಗಳು ಬಹಳ ಉಪಯುಕ್ತ. ಮೆಚ್ಚುಗೆಯ ಹೆಬ್ಬೆರಳಿನ ಚಿಹ್ನೆಯಿಂದ ಮುಂದಿನ ಚಿತ್ರ ಉತ್ತಮಗೊಳ್ಳದು. ಒಂದೇ ಕೊರತೆಯನ್ನು ಇಬ್ಬರು ಹೇಳಿದರೆ ಎಡಿಟಿಂಗ್ ಮುಂದುವರಿಸದೆ ಮರುದಿನ ಬೆಳಿಗ್ಗೆ ಹೊಸ ಚಿತ್ರವನ್ನೇ ತೆಗೆಯಿರಿ.

ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಚಿತ್ರದ ಗುಣಮಟ್ಟ ಕುಗ್ಗುವುದಿಲ್ಲ. ಜೊತೆಗೆ ಬೆಳೆ, ತಳಿ, ಬೆಳೆಯ ವಯಸ್ಸು, ಚಿತ್ರ ತೆಗೆದ ದಿನಾಂಕ ಹಾಗೂ ಈಗಾಗಲೇ ಸಿಂಪಡಿಸಿರುವ ಔಷಧಿಯನ್ನು ಬರೆಯಿರಿ. ಥ್ರಿಪ್ಸ್‌ನ ಪ್ರಭೇದವನ್ನು ಖಚಿತಪಡಿಸಲು ಸೂಕ್ಷ್ಮದರ್ಶಕದ ಪರೀಕ್ಷೆ ಬೇಕಾಗುವುದರಿಂದ ಕೆಲವು ಕೀಟಗಳನ್ನು ಶೇ. 70ರ ಆಲ್ಕೋಹಾಲ್ ಇರುವ ಸಣ್ಣ ಸೀಸೆಯಲ್ಲಿ ಸಂಗ್ರಹಿಸಿ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿರಿ.