ಬೂದಿಯ ವಯಸ್ಸು, ಹಂದಿಯ ಹಲ್ಲು



ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದ ಮಾತು ತಪ್ಪೆಂದು ಗೊತ್ತಾದರೆ ಅದರ ಗತಿ ಏನು? ಇದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವ ನೈರೋಬಿ ಮ್ಯೂಸಿಯಂ ಸಾಕು. ಅಲ್ಲಿನ ಸಂಗ್ರಹದಲ್ಲಿ 1470 ಎಂಬ ಸಂಖ್ಯೆಯ ತಲೆಬುರುಡೆಯೊಂದಿದೆ. 1972ರಲ್ಲಿ ತುರ್ಕಾನಾ ಸರೋವರದ ಪೂರ್ವದಂಡೆಯ ಕೂಬಿ ಫೋರಾದಲ್ಲಿ ಅದರ ಚೂರುಗಳನ್ನು ಮೊದಲು ಕಂಡವರು ಕೀನ್ಯಾದವರೇ ಆದ ಬರ್ನಾರ್ಡ್ ನ್ಗೆನಿಯೊ. ಹೆಸರಾದವರು ತಂಡದ ಮುಖ್ಯಸ್ಥ ರಿಚರ್ಡ್ ಲೀಕಿ. ದುಡಿದವನ ಹೆಸರು ಹಿಂದೆ ಬೀಳುವುದು ನಮಗೇನೂ ಹೊಸದಲ್ಲ ಬಿಡಿ.

ಬುರುಡೆ ಸಿಕ್ಕಿದ್ದು ಕೆಬಿಎಸ್ ಎಂದು ಕರೆಯುವ ಜ್ವಾಲಾಮುಖಿ ಬೂದಿಯ ಪದರದ ಕೆಳಗೆ. ಅಂದರೆ ಬುರುಡೆ ಆ ಬೂದಿಗಿಂತ ಹಳೆಯದು. ಬೂದಿಗೆ ಸುಮಾರು 26 ಲಕ್ಷ ವರ್ಷ ಎಂದು ಫಿಚ್ ಮತ್ತು ಮಿಲ್ಲರ್ 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಅವರ ಮೊದಲ ಮಾದರಿ 20 ಕೋಟಿ ವರ್ಷಕ್ಕೂ ಹೆಚ್ಚು ತೋರಿಸಿತ್ತು. ಬೂದಿಯಲ್ಲಿ ಹಳೆಯ ಬಂಡೆಯ ಕಣಗಳು ಬೆರೆತಿದ್ದವು. ಆಗಲೇ ಅನುಮಾನ ಪಡಬೇಕಿತ್ತು ಎಂದು ಈಗ ಹೇಳುವುದು ಸುಲಭ. ಆ ಲೆಕ್ಕವನ್ನು ನಂಬಿದ ಲೀಕಿ 1973ರಲ್ಲಿ ಅದೇ ಪತ್ರಿಕೆಯಲ್ಲಿ ಬುರುಡೆಯ ವಯಸ್ಸು ಸುಮಾರು 29 ಲಕ್ಷ ವರ್ಷ ಎಂದರು. ಮನುಷ್ಯನ ವಂಶಾವಳಿಯನ್ನೇ ತಿದ್ದಿ ಬರೆಯಬೇಕಾಗುತ್ತದೆ ಎಂಬ ಮಾತೆದ್ದಿತು.

ಅಡ್ಡ ಬಂದದ್ದು ಹಂದಿ! ಅದೇ ವರ್ಷ, ಇದೇ ನೈರೋಬಿಯಲ್ಲಿ ಸೇರಿದ್ದ ವಿದ್ವಾಂಸರ ಮುಂದೆ ಬೇಸಿಲ್ ಕುಕ್ ಹಂದಿಗಳ ಪಳೆಯುಳಿಕೆಯ ವಿಷಯ ಎತ್ತಿದರು. ಕೂಬಿ ಫೋರಾದ ಬೂದಿಯ ಕೆಳಗೆ ಸಿಕ್ಕ ಹಂದಿಹಲ್ಲು, ಇಥಿಯೋಪಿಯಾದ ಓಮೋ ಕಣಿವೆಯಲ್ಲಿ ಸುಮಾರು 20 ಲಕ್ಷ ವರ್ಷದ ಪದರದಲ್ಲಿ ಸಿಗುವ ಹಲ್ಲಿಗೆ ಹೊಂದುತ್ತಿತ್ತು. ಅಕ್ಕಪಕ್ಕದ ಎರಡು ಸೀಮೆ, ಒಂದೇ ಜಾತಿಯ ಹಂದಿ. ನಡುವೆ ಅಷ್ಟೊಂದು ಲಕ್ಷ ವರ್ಷದ ಅಂತರ ಹೇಗೆ ಬಂತು? 1975ರಲ್ಲಿ ಬರ್ಕ್ಲಿಯ ಗಾರ್ನಿಸ್ ಕರ್ಟಿಸ್ ತಂಡ ಬೂದಿಯನ್ನು ಮತ್ತೆ ಅಳೆದು 16ರಿಂದ 18 ಲಕ್ಷ ಎಂದಿತು. ಫಿಚ್ ಮತ್ತು ಮಿಲ್ಲರ್ 24 ಲಕ್ಷಕ್ಕೆ ಇಳಿದು ಅಲ್ಲೇ ನಿಂತರು. 1976ರಲ್ಲಿ ಬೇರೊಂದು ವಿಧಾನದಿಂದ ಅಳೆದ ಗ್ಲೀಡೋ ಮತ್ತು ಸಂಗಡಿಗರ ಉತ್ತರವೂ 24 ಲಕ್ಷ.

ಈ ಗ್ಲೀಡೋ ಬಗ್ಗೆ ನನಗೆ ವಿಶೇಷ ಗೌರವ. ತಮ್ಮ ಹೆಸರಿನಲ್ಲೇ ಅಚ್ಚಾದ ಲೆಕ್ಕಕ್ಕೆ ಅಂಟಿಕೊಳ್ಳದೆ ಮತ್ತೆ ಅಳೆದು, 1980ರಲ್ಲಿ ಅದೇ ‘ನೇಚರ್’ನಲ್ಲಿ 18.7 ಲಕ್ಷ ಎಂದು ಪ್ರಕಟಿಸಿದರು. ಅದೇ ಹೊತ್ತಿಗೆ ಇಯಾನ್ ಮೆಕ್‌ಡೂಗಲ್ ಅವರ ಅಳತೆಯೂ ಅದರ ಹತ್ತಿರವೇ ಬಂದು ಜಗಳ ತೀರಿತು. ಬುರುಡೆಗೆ ಈಗ ಸುಮಾರು 20 ಲಕ್ಷ ವರ್ಷ.

ಮೋಸದಿಂದಲೋ ದೊಡ್ಡ ತಪ್ಪಿನಿಂದಲೋ ಫಲಿತಾಂಶವನ್ನು ನಂಬಲಾಗದಿದ್ದರೆ ಪತ್ರಿಕೆಗಳು ಲೇಖನವನ್ನು ಹಿಂತೆಗೆಯುತ್ತವೆ. ಲೇಖನ ಅಳಿಸಿಹೋಗುವುದಿಲ್ಲ, ಅದರ ಮೇಲೆ ಮುದ್ರೆ ಬೀಳುತ್ತದೆ. ಸಣ್ಣ ತಪ್ಪಿಗೆ ತಿದ್ದುಪಡಿ ಸೂಚನೆ ಸಾಕು. 1470ರ ಪ್ರಕರಣದಲ್ಲಿ ತಪ್ಪು ತಿದ್ದಿದ್ದು ಮೂರನೆಯ ದಾರಿಯಲ್ಲಿ, ಹಳೆಯ ಲೇಖನದ ಎದುರು ಹೊಸ ಲೇಖನ ಬಂದು. ನಮ್ಮಲ್ಲಿ ಲೆಕ್ಕಪತ್ರ ನೋಡುವವರು ಬಹಳ ಮಂದಿ ಇದ್ದೀರಿ. ನೀವೂ ತಪ್ಪು ನಮೂದನ್ನು ಉಜ್ಜಿಹಾಕದೆ ಎದುರು ನಮೂದು ಹಾಕುತ್ತೀರಿ. ಆದರೆ ಯಾವುದಕ್ಕೆ ಯಾವುದು ಎಂದು ಪಕ್ಕದಲ್ಲಿ ಬರೆದಿರುತ್ತೀರಿ. ಈ ಮೂರನೆಯ ದಾರಿಯಲ್ಲಿ ಹಾಗೆ ಬರೆಯುವ ಪದ್ಧತಿಯಿಲ್ಲ. 1970ರ ಆ ಪುಟವೊಂದನ್ನೇ ತೆರೆದ ವಿದ್ಯಾರ್ಥಿ ಮುಂದಿನ ಹತ್ತು ವರ್ಷದ ಜಗಳವನ್ನು ತಾನೇ ಹುಡುಕಿಕೊಳ್ಳಬೇಕು. ನನ್ನ ತಕರಾರು ಇಷ್ಟೇ.