ಡೇಟಾಬೇಸಿನಲ್ಲಿ ಕೆಲಸದ ಹಂಚಿಕೆ

ಡೇಟಾಬೇಸಿಗೆ ಹಾಕಿದ ಒಂದು ಪ್ರಶ್ನೆಯನ್ನು ಹಲವು ಪ್ರೊಸೆಸರುಗಳು ಏಕಕಾಲದಲ್ಲಿ ಬಿಡಿಸಿದರೆ ಉತ್ತರವು ಬೇಗನೆ ದೊರೆಯುವುದೆಂದು ಯಾರಿಗಾದರೂ ತೋರುವುದು ಸಹಜವೇ. ಆದರೆ ನಾಲ್ವರಿಗೆ ಹಂಚಿದ ಕೆಲಸವು ಅವರಲ್ಲಿ ಹಿಂದುಳಿದವನು ಮುಗಿಸುವವರೆಗೆ ಮುಗಿಯದಷ್ಟೆ. ಆದುದರಿಂದ ಈ ವಿಷಯದ ಚರಿತ್ರೆಯಲ್ಲಿ ಪ್ರೊಸೆಸರುಗಳ ಸಂಖ್ಯೆಗಿಂತ ಹಂಚಿಕೆಯ ಕ್ರಮವೇ ಹೆಚ್ಚು ವಿಚಾರಾರ್ಹವೆಂದು ನನ್ನ ಅಭಿಪ್ರಾಯ.

ಡೇಟಾಬೇಸಿಗೆಂದೇ ವಿಶೇಷ ಯಂತ್ರಗಳನ್ನು ಕಟ್ಟುವ ಕಾಲವು ಕಳೆದುಹೋಯಿತೇನೋ ಎಂದು 1983ರಲ್ಲಿ ಬೋರಲ್ ಮತ್ತು ಡೇವಿಡ್ ಡಿವಿಟ್ ಎಂಬ ವಿದ್ವಾಂಸರು ಸಂದೇಹಪಟ್ಟರು. ಅದೇ ಡಿವಿಟ್ಟರು ಮರುವರ್ಷವೇ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ 'ಗಾಮಾ' ಎಂಬ ಡೇಟಾಬೇಸ್ ಯಂತ್ರದ ಕಾರ್ಯವನ್ನು ಕೈಗೊಂಡುದು ಪೂರ್ವಾಪರವಿರೋಧವೆಂದು ಕಂಡೀತು. ಆದರೆ ಗಾಮಾದಲ್ಲಿ ಮೊದಲು ಬಳಸಿದುದು 17 ಸಾಮಾನ್ಯ ವ್ಯಾಕ್ಸ್ ಕಂಪ್ಯೂಟರುಗಳನ್ನು. ವಿಶೇಷವೆಲ್ಲವೂ ಅವುಗಳನ್ನು ನಡೆಸುವ ಸಾಫ್ಟ್‌ವೇರಿನಲ್ಲಿದ್ದಿತು.

ಮುಂದಿನ ಹೆಜ್ಜೆಯು ಗೋಟ್ಸ್ ಗ್ರೇಫೆಯವರದು. ಟೇಬಲನ್ನು ಓದುವುದು, ಜೋಡಿಸುವುದು, ವಿಂಗಡಿಸುವುದು ಮೊದಲಾದ ಪ್ರತಿಯೊಂದು ಕ್ರಿಯೆಗೂ ಸಹಕೆಲಸಗಾರರ ವಿಚಾರವನ್ನು ಬೇರೆಬೇರೆಯಾಗಿ ಕಲಿಸಹೋದರೆ ತೊಡಕು ಬೆಳೆಯುವುದು. ಗ್ರೇಫೆಯವರು ತಮ್ಮ 'ವೋಲ್ಕ್ಯಾನೊ'ದಲ್ಲಿ ಆ ಕ್ರಿಯೆಗಳ ನಡುವೆ 'ಎಕ್ಸ್‌ಚೇಂಜ್' ಎಂಬ ಇನ್ನೊಂದು ಕ್ರಿಯೆಯನ್ನು ಇಟ್ಟು, 1990ರಲ್ಲಿ ಅದನ್ನು ಪ್ರಕಟಿಸಿದರು. ಇದು ದತ್ತಾಂಶವನ್ನು ಮಾರ್ಪಡಿಸುವುದಿಲ್ಲ. ಹೊಸ ಪ್ರೋಸೆಸನ್ನು ಹುಟ್ಟಿಸಿ, ಅದು ಸಿದ್ಧಪಡಿಸಿದ ಸಾಲುಗಳನ್ನು ಕಟ್ಟುಕಟ್ಟಾಗಿ ಮೇಲಕ್ಕೆ ಸಾಗಿಸುವುದಷ್ಟೇ ಇದರ ಕೆಲಸ. ಮೇಲಿನ ಕ್ರಿಯೆಯು ಎಂದಿನಂತೆ "ಮುಂದಿನ ಸಾಲು" ಎಂದು ಕೇಳುತ್ತಿರುವುದು. ಅದನ್ನು ಒದಗಿಸುವವರು ಒಬ್ಬರೋ ಹತ್ತು ಮಂದಿಯೋ ಎಂಬುದು ಅದಕ್ಕೆ ತಿಳಿಯದು. ಈ ಅಜ್ಞಾನವೇ ಗ್ರೇಫೆಯವರ ಕಾಣಿಕೆ!

ಇದರಲ್ಲಿಯೂ ಕುಂದಿಲ್ಲದಿಲ್ಲ. ಕೆಲಸಗಾರರೆಷ್ಟು, ಯಾರ ಪಾಲಿಗೆ ಯಾವುದು ಎಂಬುದೆಲ್ಲವೂ ಆರಂಭದಲ್ಲಿಯೇ ನಿಶ್ಚಿತವಾಗುವುದು. ಒಬ್ಬನ ಪಾಲು ಭಾರವಾದರೆ ಮಿಕ್ಕವರು ಕೈಕಟ್ಟಿ ಕುಳಿತಿರಬೇಕು. ಮ್ಯೂನಿಕ್ಕಿನ ಲೈಸ್, ಕೆಂಪರ್, ನೊಯ್‌ಮನ್ ಇವರು ಆಮ್‌ಸ್ಟರ್‌ಡ್ಯಾಮಿನ ಬಾಂಟ್ಸರೊಡನೆ 2014ರಲ್ಲಿ ಸೂಚಿಸಿದ ಕ್ರಮವು ಇದನ್ನು ತಿದ್ದುವುದು. ಟೇಬಲನ್ನು ಸುಮಾರು 1,00,000 ಸಾಲುಗಳ 'ಮಾರ್ಸೆಲ್', ಎಂದರೆ ತುತ್ತು, ಆಗಿ ಕತ್ತರಿಸುವರು. ಪ್ರತಿಯೊಂದು ಥ್ರೆಡ್ಡೂ ತನ್ನ ತುತ್ತು ಮುಗಿದೊಡನೆ ಮತ್ತೊಂದನ್ನು ಕೇಳಿ ಪಡೆಯುವುದು. ತನ್ನ ಸಮೀಪದ ಮೆಮೊರಿಯಲ್ಲಿ ಕೆಲಸವಿಲ್ಲದಿದ್ದರೆ ದೂರದ್ದನ್ನೂ ಎತ್ತಿಕೊಳ್ಳುವುದು. ಪ್ರಶ್ನೆಯು ನಡೆಯುತ್ತಿರುವಾಗಲೇ ಥ್ರೆಡ್ಡುಗಳ ಸಂಖ್ಯೆಯನ್ನು ಹೆಚ್ಚಿಸಲೂಬಹುದು, ತಗ್ಗಿಸಲೂಬಹುದು.

2016ರ ಪೋಸ್ಟ್‌ಗ್ರೆಸ್ 9.6ರಲ್ಲಿ ಈ ಎರಡು ಕ್ರಮಗಳ ಛಾಯೆಯೂ ಕಾಣುವುದು. ಅದರ 'ವರ್ಕರು'ಗಳು ಥ್ರೆಡ್ಡುಗಳಲ್ಲ, ಪ್ರತ್ಯೇಕ ಪ್ರೋಸೆಸುಗಳು. ಎಷ್ಟು ವರ್ಕರುಗಳು ಬೇಕೆಂಬುದನ್ನು ಮೊದಲೇ ಗೊತ್ತುಮಾಡಿದರೂ, ಟೇಬಲಿನ ಭಾಗಗಳನ್ನು ಓದುತ್ತ ಹೋದಂತೆ ಹಂಚುವರು. ಬಿಡುವಾದ ವರ್ಕರು ಸಿಕ್ಕದಿದ್ದರೆ ನಾಯಕ ಪ್ರೋಸೆಸು ಒಂಟಿಯಾಗಿಯೇ ಕೆಲಸವನ್ನು ನಡೆಸುವುದು. ಇಷ್ಟಾದರೂ ಆ ಆವೃತ್ತಿಯಲ್ಲಿ ಪ್ರಶ್ನೆಯ ಪಾಲಿನ ವರ್ಕರುಗಳ ಮಿತಿಯನ್ನು ಸೊನ್ನೆಯಾಗಿಯೇ ಇಟ್ಟಿದ್ದರು. ಅದು 2 ಆದುದು 2017ರ ಹತ್ತನೆಯ ಆವೃತ್ತಿಯಲ್ಲಿ.