ವಿದ್ಯಾರ್ಥಿವೇತನವೂ ಪ್ರಸಾದನಿಲಯವೂ

ಪ್ರತಿ ವರ್ಷವೂ ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತಂದೆತಾಯಿಗಳ ಬಾಯಲ್ಲಿ ಒಂದೇ ಪ್ರಶ್ನೆ: ಚೆನ್ನಾಗಿ ಓದಿದ ಮಗುವಿಗೆ ಧಾರಾಳವಾಗಿ ವಿದ್ಯಾರ್ಥಿವೇತನ ಕೊಡುವ ಕಾಲೇಜು ಎಲ್ಲಿದೆ? ವಾಚಕ ಮಹಾಶಯರೇ, ಈ ಪ್ರಶ್ನೆ ಇಂದು ನಿನ್ನೆಯದಲ್ಲ. ದುರ್ಗದ ಮಗ್ಗುಲಲ್ಲಿಯೇ ಇರುವ ಚಂದ್ರವಳ್ಳಿಯಲ್ಲಿ ಕೆರೆಯ ಕೆಲಸವನ್ನು ಕುರಿತು ಶಾಸನ ಬರೆಯಿಸಿದ ಕದಂಬ ಮಯೂರಶರ್ಮನು ಅರಸನಾಗುವುದಕ್ಕೆ ಮೊದಲು ವಿದ್ಯಾರ್ಥಿಯಾಗಿದ್ದವನು. ನಾಲ್ಕನೆಯ ಶತಮಾನದಲ್ಲಿ ಅವನು ಗುರು ವೀರಶರ್ಮನೊಡನೆ ದೂರದ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದುದನ್ನೂ, ಅಲ್ಲಿ ಪಲ್ಲವರ ಕುದುರೆಸವಾರನೊಡನೆ ಜಗಳವಾಗಿ ಪುಸ್ತಕವನ್ನು ಬಿಟ್ಟು ಖಡ್ಗವನ್ನು ಹಿಡಿದುದನ್ನೂ ತಾಳಗುಂದದ ಶಾಸನವು ಹೇಳುತ್ತದೆ. ವಿದ್ಯೆಗಾಗಿ ಪರಸ್ಥಳಕ್ಕೆ ಹೋದವನು ಅಲ್ಲಿಯವರ ದಾಕ್ಷಿಣ್ಯದಲ್ಲಿ ಬದುಕಬೇಕಾಗುವುದು ಅಂದಿನಿಂದಲೂ ಇದ್ದ ಕಷ್ಟವೇ.

ಈ ಕಷ್ಟಕ್ಕೆ ನಮ್ಮ ನಾಡು ಕಂಡುಕೊಂಡ ಪರಿಹಾರವು ಹಣದ ವೇತನವಲ್ಲ. ಅನ್ನ ಮತ್ತು ವಸತಿ. ಇದಕ್ಕೆ ಸಾಲೋಟಗಿಯ ಶಾಸನಕ್ಕಿಂತ ಉತ್ತಮವಾದ ಸಾಕ್ಷಿ ಬೇರೆ ದೊರೆಯದು. ಈಗಿನ ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ಈ ಊರಿನಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ 945ರಲ್ಲಿ ದತ್ತಿಗಳು ದೊರೆತವು. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇರುವುದಕ್ಕೆ ಇಪ್ಪತ್ತೇಳು ಮನೆಗಳು. ಶಾಲೆಯ ನಿರ್ವಾಹಕ್ಕೆ ಐನೂರು ನಿವರ್ತನ ಭೂಮಿ. ದೀಪದ ವೆಚ್ಚಕ್ಕೆ ಪ್ರತ್ಯೇಕವಾಗಿ ಹನ್ನೆರಡು ನಿವರ್ತನ. ರಾತ್ರಿ ಓದಲು ಎಣ್ಣೆ ಬೇಕೆಂಬುದನ್ನೂ ದಾನಿಗಳು ಮರೆಯಲಿಲ್ಲ. ಊರಿನವರಾದರೂ ಕೈಕಟ್ಟಿ ಕುಳಿತಿರಲಿಲ್ಲ. ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ಎಂದು ಶಾಲೆಗೆ ಕೊಡುವುದಾಗಿ ಕಟ್ಟು ಮಾಡಿಕೊಂಡರು. ಮನೆಯ ಶುಭಕಾರ್ಯದಲ್ಲಿ ಶಾಲೆಯ ಪಾಲನ್ನು ತೆಗೆದಿರಿಸಿದ ಈ ಕಟ್ಟು ಅರಸರ ದಾನಕ್ಕಿಂತ ಹಿರಿದೆಂದು ನನಗೆ ತೋರುತ್ತದೆ. ಆದರೆ ಆ ಶಾಲೆಯ ಬಾಗಿಲು ಒಂದು ವರ್ಣದವರಿಗೆ ಮಾತ್ರ ತೆರೆದಿತ್ತೆಂಬುದನ್ನೂ ಹೇಳದೆ ಬಿಡುವಂತಿಲ್ಲ.

ಇನ್ನು ನಮ್ಮ ಕಾಲಕ್ಕೆ ಸಮೀಪವಾದ ಚರಿತ್ರೆಗೆ ಬರೋಣ. ಮೈಸೂರು ಸಂಸ್ಥಾನದ ಕಾಲದಲ್ಲಿ ದುರ್ಗದ ಸೀಮೆಯ ರೈತನ ಮಗನು ಹೈಸ್ಕೂಲು ಮುಗಿಸಿದ ಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೋ ಮೈಸೂರಿನ ಮಹಾರಾಜಾ ಕಾಲೇಜಿಗೋ ಹೋಗಬೇಕಾಗಿತ್ತು. ಹೊಳಲ್ಕೆರೆಯ ಕಡೆಯವರಿಗೆ ಚಿಕ್ಕಜಾಜೂರಿನಲ್ಲಿ ರೈಲು ಸಿಕ್ಕುತ್ತಿತ್ತು. ಹಿರಿಯೂರಿನವರಿಗೆ ಪುಣೆ–ಬೆಂಗಳೂರು ರಸ್ತೆಯೇ ಗತಿ. ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದ ಶ್ರೀ ಎಸ್. ನಿಜಲಿಂಗಪ್ಪನವರು 1924ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು, ಕಾನೂನು ಓದಲು ಪುಣೆಯವರೆಗೆ ಹೋಗಿ 1926ರಲ್ಲಿ ಅದನ್ನು ಮುಗಿಸಿಕೊಂಡು ಬಂದು ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದರು. ಅಂಥ ದಾರಿಯಲ್ಲಿ ಹೊರಟ ಬಡ ಹುಡುಗರಿಗೆ ಕಾಲೇಜಿನ ಶುಲ್ಕಕ್ಕಿಂತ ಎರಡು ಹೊತ್ತಿನ ಊಟವೇ ದೊಡ್ಡ ಸಮಸ್ಯೆ. ವಾರಾನ್ನದ ಮನೆಗಳನ್ನು ಹುಡುಕಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದವರು ಎಷ್ಟೋ ಮಂದಿ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ.

ಇದನ್ನು ಕಂಡ ಮಹನೀಯರು ಸುಮ್ಮನಿರಲಿಲ್ಲ. ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲುನಿಲ್ದಾಣದ ಎದುರಿನಲ್ಲಿ ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ತೆರೆಯಿತು. ವಿದ್ಯಾರ್ಥಿಗಳಿಗೂ ಅವರ ಧರ್ಮಸಂಸ್ಥೆಯು ನೆರಳಾಯಿತು. ಬೊಂಬಾಯಿ ಪ್ರಾಂತದಲ್ಲಿ ಶಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟರು. ನಮ್ಮ ದುರ್ಗದಲ್ಲಿ ಲಿಂಗೈಕ್ಯ ಶ್ರೀ ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳವರು ಊರೂರುಗಳಲ್ಲಿ ಉಚಿತ ಪ್ರಸಾದನಿಲಯಗಳನ್ನು ತೆರೆಯಿಸಿದರು. ಸಿರಿಗೆರೆಯಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು 1946ರಲ್ಲಿ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ, ಶಾಲೆಯ ಜೊತೆಗೆ ಊಟ ವಸತಿಯ ವ್ಯವಸ್ಥೆಯನ್ನೂ ಹಳ್ಳಿಗಳಿಗೆ ಒಯ್ದರು. ಸುಗ್ಗಿಯಲ್ಲಿ ಕಣದಿಂದ ಬಂದ ರಾಗಿ, ಜೋಳದ ಚೀಲಗಳೇ ಈ ನಿಲಯಗಳ ಮೂಲಧನ. ದಾಸೋಹವೆಂಬ ಹಳೆಯ ಮಾತಿಗೆ ವಿದ್ಯೆಯ ಅರ್ಥ ಸೇರಿದುದು ಹೀಗೆ.

ಇತ್ತ ಸರ್ಕಾರವೂ ಎಚ್ಚೆತ್ತಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯು ಹಿಂದುಳಿದ ವರ್ಗಗಳಿಗೆ ನೌಕರಿಯಲ್ಲಿ ಸ್ಥಾನಗಳೊಂದಿಗೆ ವಿದ್ಯಾರ್ಥಿವೇತನವನ್ನೂ ಶಿಫಾರಸು ಮಾಡಿತು. ಪ್ರತಿಭೆ ಎಲ್ಲ ಮನೆಗಳಲ್ಲಿಯೂ ಹುಟ್ಟುತ್ತದೆ, ಅನುಕೂಲ ಮಾತ್ರ ಕೆಲವು ಮನೆಗಳಲ್ಲಿ ಎಂಬುದನ್ನು ರಾಜ್ಯವು ಒಪ್ಪಿಕೊಂಡ ಹಾಗಾಯಿತು. ಆದರೂ ಒಂದು ಕೊರತೆಯನ್ನು ಮುಚ್ಚಿಡಬಾರದು: ಮೊದಲ ಕಾಲದ ಪ್ರಸಾದನಿಲಯಗಳು ಬಹುಮಟ್ಟಿಗೆ ಗಂಡುಮಕ್ಕಳಿಗಾಗಿಯೇ ಇದ್ದವು. ಅಕ್ಕಮಹಾದೇವಿಯ ಹೆಸರು ಹೇಳುವ ಸಮಾಜವು ಹೆಣ್ಣುಮಕ್ಕಳ ವಸತಿಯನ್ನು ಕುರಿತು ತಡವಾಗಿ ಯೋಚಿಸಿತು.

ಈ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಪ್ರಶ್ನೆಯನ್ನು ನೋಡಿರಿ. ಅಂಕಗಳನ್ನು ಮಾತ್ರ ನೋಡಿ ಕೊಡುವ ವೇತನವು ಬಹಳ ವೇಳೆ ಮನೆಪಾಠದ ಅನುಕೂಲವಿದ್ದವನ ಮನೆಗೇ ಹೋಗುತ್ತದೆ. 2008ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ, ಪ್ರತಿಭೆಯನ್ನೂ ಆದಾಯವನ್ನೂ ಒಟ್ಟಿಗೆ ನೋಡುವ ರಾಷ್ಟ್ರೀಯ ಯೋಜನೆ ಹಾಗಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ರಾಜ್ಯದ ವಿದ್ಯಾಸಿರಿ ಯೋಜನೆಯಂತೂ ವಿದ್ಯಾರ್ಥಿನಿಲಯ ಸಿಕ್ಕದ ಹಿಂದುಳಿದ ವರ್ಗದವರಿಗೆ ಊಟ ವಸತಿಯ ವೆಚ್ಚವೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಏರ್ಪಾಡಾಗಿ ಬಂದಿತು. ಹಳೆಯ ಪ್ರಸಾದನಿಲಯದ ತತ್ತ್ವವೇ ಸರ್ಕಾರದ ಲೆಕ್ಕಪತ್ರವನ್ನು ಸೇರಿದೆ ಎನ್ನಬಹುದು. ಹಿರಿಯೂರು ತಾಲ್ಲೂಕಿನ ಉಡುವಳ್ಳಿಯ ನವೋದಯ ವಿದ್ಯಾಲಯದಲ್ಲಿ ಆರನೆಯ ತರಗತಿಯಿಂದಲೇ ಪಾಠ, ಊಟ, ವಸತಿ ಒಂದೇ ಕಡೆ.

ಆದುದರಿಂದ ಕಾಲೇಜಿನ ಪ್ರಕಟಣೆಯಲ್ಲಿ ದೊಡ್ಡ ಅಕ್ಷರದಲ್ಲಿ ಶುಲ್ಕ ವಿನಾಯಿತಿ ಎಂದಿದ್ದರೆ ಕೂಡಲೇ ಒಪ್ಪಿಕೊಳ್ಳದೆ ವಿಚಾರಿಸಿರಿ. ವಿನಾಯಿತಿ ಮೊದಲ ವರ್ಷಕ್ಕೆ ಮಾತ್ರವೋ, ಪದವಿ ಮುಗಿಯುವವರೆಗೋ? ಮುಂದಿನ ವರ್ಷ ಉಳಿಸಿಕೊಳ್ಳಲು ಎಷ್ಟು ಅಂಕ, ಎಷ್ಟು ಹಾಜರಿ ಬೇಕು? ವಿದ್ಯಾರ್ಥಿನಿಲಯದ ವೆಚ್ಚ ಅದರಲ್ಲಿ ಸೇರಿದೆಯೋ, ಬೇರೆಯೋ? ಈ ಮೂರಕ್ಕೂ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮಗು ಏಳನೆಯ ತರಗತಿಯಲ್ಲಿರುವಾಗಲೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಎಂಟನೆಯ ತರಗತಿಯ ಪರೀಕ್ಷೆಯ ವಿಷಯವನ್ನು ಕೇಳಿ ತಿಳಿದುಕೊಳ್ಳಿರಿ. ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡುವುದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿರಿ.